ಶಾರ್ಜಾದ ತಿಂಡಿಗೆ ಶಿರ್ತಾಡಿಯ ನೂಲು

ಬಜ್ಪೆಯಲ್ಲಿ ಉಳಿದ ಕತ್ತರಿ

ಪರದೇಶಕ್ಕೆ ಹೋಗಿ ಬಂದವರೆಲ್ಲ ವಿಮಾನದ ಕಿಟಕಿಯಿಂದ ಮೋಡ ಕಂಡದ್ದನ್ನು ಹೇಳುತ್ತಾರೆ. ನನಗೆ ಕಿಟಕಿಯ ಸೀಟು ಸಿಗಲಿಲ್ಲ. ಆದ್ದರಿಂದ ನಾನು ತಿಂಡಿಯ ವಿಷಯ ಬರೆಯುತ್ತೇನೆ. ಶಾರ್ಜಾದಲ್ಲಿ ಒಂದು ತಿಂಗಳು ಇದ್ದು ಬಂದೆ. ಅಲ್ಲಿ ಎದುರು ಮನೆಯ ಅರಬ್ಬಿ ಹೆಂಗಸು ಬೆಳಿಗ್ಗೆ ತಿನ್ನಲಿಕ್ಕೆ ಇಡುತ್ತಿದ್ದದ್ದು ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ಅರ್ಥವಾಗದಿದ್ದರೂ ನಾನು ಅಲ್ಲಿಂದ ತಂದ ಸಂತೋಷ ಎಷ್ಟು ಎಂದರೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿ ಮುಗಿಸಿ ಈಗ ಕಾಗದಕ್ಕೆ ಹೇಳುತ್ತಿದ್ದೇನೆ.

ನಾನು ಮೂಡುಬಿದಿರೆ ಹತ್ತಿರದ ಶಿರ್ತಾಡಿಯವಳು. ಐದನೇ ಕ್ಲಾಸಿನವರೆಗೆ ಕಲಿತೆ, ಆಮೇಲೆ ಮಡಿಲಿಗೆ ಬೀಡಿಯ ತಡ್ಪೆ ಬಂತು. ತಡ್ಪೆ ಎಂದರೆ ಮೊರ. ಎಲೆ, ಹೊಗೆಸೊಪ್ಪು, ನೂಲು ಎಲ್ಲ ಅದರಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತರೆ ನಮ್ಮ ಕಡೆಯ ಹೆಂಗಸರಿಗೆ ಸೂರ್ಯ ಮುಳುಗಿದ್ದು ಗೊತ್ತಾಗುವುದಿಲ್ಲ. ಈಗಲೂ ಕಟ್ಟುತ್ತೇನೆ. ನನಗೆ ಒಬ್ಬಳೇ ಮಗಳು, ವನಿತಾ. ಅವಳು ಶಾರ್ಜಾದ ಒಂದು ಕ್ಲಿನಿಕ್ಕಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಾಳೆ, ಅಳಿಯ ಪ್ರವೀಣನಿಗೂ ಅಲ್ಲಿಯೇ ಕೆಲಸ. ಅವರ ಮಗಳು ಧನ್ವಿಗೆ ನಾಲ್ಕೂವರೆ ವರ್ಷ. ಒಂದು ವರ್ಷದವಳಿದ್ದಾಗ ಊರಿಗೆ ಬಂದಿದ್ದಳು. ಆಮೇಲೆ ನನ್ನ ಪುಳ್ಳಿಯನ್ನು ನಾನು ನೋಡಿದ್ದು ಫೋನಿನಲ್ಲಿ ಮಾತ್ರ. ಅವಳ ಬಾಯಲ್ಲಿ ನಾನು ‘ಫೋನಿನ ಅಜ್ಜಿ’.

ನನಗೆ ಒಂದೇ ಆಸೆ ಇತ್ತು. ಮಗು ನನ್ನ ಕೈಯಿಂದ ಒಂದು ತುತ್ತು ತಿನ್ನಬೇಕು. ಫೋನಿನಲ್ಲಿ ಮುದ್ದು ಮಾಡಬಹುದು, ಹಾಡು ಹೇಳಬಹುದು, ಬೈಯಲೂಬಹುದು. ತುತ್ತು ಕೊಡಲಿಕ್ಕೆ ಆಗುವುದಿಲ್ಲ.

ಶಾರ್ಜಾಕ್ಕೆ ಹೋಗಿ ಬರುವ ಎಂದು ಯಜಮಾನರನ್ನು ಕರೆದೆ. ‘ಹಟ್ಟಿಯಲ್ಲಿ ದನ ಉಂಟು. ನಿನಗಾದರೆ ನಾನು ಫೋನ್ ಮಾಡ್ತೇನೆ, ಅದಕ್ಕೆ ಯಾರು ಮಾಡುವುದು?’ ಎಂದರು. ನಾನೊಬ್ಬಳೇ ಹೊರಟೆ. ಪೆಟ್ಟಿಗೆಯಲ್ಲಿ ಕುಚ್ಚಲಕ್ಕಿ, ಬೆಳ್ತಿಗೆ ಅಕ್ಕಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಬೆಲ್ಲ.

ಬಜ್ಪೆ ವಿಮಾನ ನಿಲ್ದಾಣದಲ್ಲಿ ನನ್ನ ಕೈಚೀಲ ಬಿಚ್ಚಿಸಿದರು. ಒಳಗೆ ಬೀಡಿ ಎಲೆ ಕತ್ತರಿಸುವ ಕತ್ತರಿ ಇತ್ತು. ಇಟ್ಟದ್ದು ಬೇಕೆಂದು ಅಲ್ಲ. ಮೂವತ್ತು ವರ್ಷದಿಂದ ಅದು ಆ ಚೀಲದಲ್ಲಿಯೇ ಇರುವುದು, ಕನ್ನಡಕದ ಹಾಗೆ. ಸಮವಸ್ತ್ರದ ಹುಡುಗಿ ಬಹಳ ಮರ್ಯಾದೆಯಿಂದ, ‘ಅಮ್ಮ, ಇದನ್ನು ಬಿಡುವ ಹಾಗಿಲ್ಲ’ ಎಂದಳು. ಕತ್ತರಿಯ ಜೊತೆ ಎಲೆಯ ಅಳತೆಯ ತಗಡೂ ಇತ್ತು. ಬೆರಳುದ್ದದ ಚೌಕ ತಗಡು. ಅದನ್ನು ಎಲೆಯ ಮೇಲಿಟ್ಟು ಸುತ್ತ ಕತ್ತರಿಸಿದರೆ ಎಲ್ಲ ಎಲೆಯೂ ಒಂದೇ ಗಾತ್ರಕ್ಕೆ ಬರುತ್ತದೆ. ಅದನ್ನು ಹುಡುಗಿ ಆಚೆ ಈಚೆ ತಿರುಗಿಸಿ ನೋಡಿ ವಾಪಸು ಕೊಟ್ಟಳು. ಆ ತಗಡನ್ನೂ ಅವಳು ಇಟ್ಟುಕೊಂಡಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ.

ಮೊದಲ ಬೆಳಿಗ್ಗೆ

ಮೊದಲ ಬೆಳಿಗ್ಗೆ ಐದಕ್ಕೆ ಎದ್ದು ನೀರುದೋಸೆ ಮಾಡಿದೆ, ಜೊತೆಗೆ ಕಾಯಿಬೆಲ್ಲ. ದೋಸೆ ಬಟ್ಟೆ ಮಡಚಿದ ಹಾಗೆ ಬಂದಿತ್ತು. ಹೊಸ ಗ್ಯಾಸು, ಹೊಸ ಕಾವಲಿ, ಆದರೂ ಒಂದೂ ಹರಿಯಲಿಲ್ಲ. ಇವತ್ತು ನನ್ನ ದಿನ ಎಂದುಕೊಂಡೆ.

ಧನ್ವಿ ಎದ್ದು ಬಂದಳು. ಫೋನಿನಲ್ಲಿ ಕಂಡದ್ದಕ್ಕಿಂತ ಉದ್ದ, ಕೂದಲು ಅವಳ ಅಜ್ಜನ ಹಾಗೆ ಗುಂಗುರು. ನನಗೆ ಕಣ್ಣು ತುಂಬಿ ಅವಳು ಎರಡೆರಡು ಕಂಡಳು. ಬಟ್ಟಲು ಮುಂದೆ ಹಿಡಿದೆ. ಅವಳು ದೋಸೆಯನ್ನು ನೋಡಿದಳು, ನನ್ನನ್ನು ನೋಡಿದಳು, ‘ನೋ ಥ್ಯಾಂಕ್ಯೂ’ ಎಂದಳು. ಇಷ್ಟು ಮರ್ಯಾದೆಯಾಗಿ ಬೇಡ ಎಂದವರನ್ನು ನಾನು ಜೀವಮಾನದಲ್ಲಿ ನೋಡಿಲ್ಲ. ನಮ್ಮಲ್ಲಿ ಮಕ್ಕಳು ಬೇಡವಾದರೆ ಬಟ್ಟಲು ದೂಡಿ ಅಳುತ್ತವೆ; ಅತ್ತರೆ ಎತ್ತಿಕೊಳ್ಳಬಹುದು. ಥ್ಯಾಂಕ್ಯೂ ಹೇಳಿದ ಮಗುವನ್ನು ಎಂತ ಮಾಡುವುದು?

ಅವಳು ಚಪ್ಪಲಿ ಹಾಕಿಕೊಂಡು ಎದುರು ಮನೆಯ ಬಾಗಿಲು ತಟ್ಟಿ, ‘ತೇತಾ’ ಎಂದು ಕರೆದು ಒಳಗೆ ಹೋಗಿಯೇಬಿಟ್ಟಳು.

ವನಿತಾ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದಳು. ‘ಬೇಜಾರ ಮಾಡಬೇಡ ಅಮ್ಮ. ಎರಡು ವರ್ಷದಿಂದ ಅವಳ ತಿಂಡಿ ಅಲ್ಲಿಯೇ. ನಾನು ಏಳಕ್ಕೆ ಹೋಗ್ತೇನೆ, ಇವರು ಆರೂವರೆಗೆ ಹೋಗ್ತಾರೆ. ಆ ತೇತಾ ಇಲ್ಲದಿದ್ದರೆ ನನ್ನ ಕೆಲಸ ಎಂದೋ ಹೋಗ್ತಿತ್ತು’ ಎಂದಳು.

ತೇತಾ ಎಂದರೆ ಅವರಲ್ಲಿ ಅಜ್ಜಿ ಎಂದು ಅರ್ಥವಂತೆ. ನಾನು ಸಮುದ್ರ ದಾಟಿ ಅಜ್ಜಿಯಾಗಲಿಕ್ಕೆ ಬಂದರೆ ಆ ಕೆಲಸ ಎದುರು ಮನೆಯಲ್ಲಿ ಆಗಲೇ ನಡೆಯುತ್ತಿತ್ತು. ಹದಿನಾಲ್ಕು ನೀರುದೋಸೆಯನ್ನು ನಾನೂ ಪ್ರವೀಣನ ಸಂಜೆಯ ಹಸಿವೂ ಸೇರಿ ಮುಗಿಸಿದೆವು.

ಎದುರು ಮನೆ

ಮೂರನೆಯ ದಿನ ಆ ಹೆಂಗಸೇ ಬಂದು ನನ್ನ ಕೈ ಹಿಡಿದು ಕರೆದುಕೊಂಡು ಹೋದಳು. ನನ್ನದೇ ಪ್ರಾಯ, ನನಗಿಂತ ಎರಡು ಪಾಲು ಅಗಲ, ತಲೆಗೆ ಬಿಳಿ ಬಟ್ಟೆ. ಜೋರ್ಡನಿನವಳು. ಅವಳ ಹೆಸರು ಉಮ್ಮು ಸಮೀರ್. ಅದು ಹೆಸರಲ್ಲ, ಸಮೀರನ ತಾಯಿ ಎಂದು ಅರ್ಥ ಎಂದು ಆಮೇಲೆ ಗೊತ್ತಾಯಿತು. ಇದೊಂದು ವಿಷಯದಲ್ಲಿ ಮಾತ್ರ ನನಗೆ ಗಲಿಬಿಲಿ ಆಗಲಿಲ್ಲ. ನಮ್ಮ ಕಡೆಯೂ ನನ್ನನ್ನು ‘ವನಿತನ ಅಪ್ಪೆ’ ಎಂದೇ ಕರೆಯುವುದು, ಅಪ್ಪೆ ಎಂದರೆ ತುಳುವಿನಲ್ಲಿ ತಾಯಿ. ನನ್ನ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಂಟು. ಅವಳು ನನ್ನನ್ನು ಉಮ್ಮು ವನಿತಾ ಎಂದು ಕರೆದಳು. ಆಗ ಮಾತ್ರ ಸ್ವಲ್ಪ ಊರಿನಲ್ಲಿದ್ದ ಹಾಗಾಯಿತು.

ಉಳಿದದ್ದೆಲ್ಲ ಗಲಿಬಿಲಿ. ಗಂಟೆ ಒಂಬತ್ತೂವರೆ. ನಮ್ಮಲ್ಲಿ ಆ ಹೊತ್ತಿಗೆ ಚಾ-ತಿಂಡಿ ಮುಗಿದು ಗಂಜಿಯ ಯೋಚನೆ. ಇಲ್ಲಿ ಆಗ ತಿಂಡಿ ಶುರು, ಅದೂ ಮುಗಿಯುವುದೇ ಇಲ್ಲ. ಗಿಡ್ಡ ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಹತ್ತು ಹನ್ನೆರಡು ಸಣ್ಣ ಬಟ್ಟಲು ಇಟ್ಟಿದ್ದಳು. ನಾನು ನೆಂಚಿಕೊಳ್ಳುವುದಾಯಿತು, ತಿನ್ನುವುದು ಯಾವಾಗ ಬರುತ್ತದೆ ಎಂದು ಕಾದೆ. ಅದೇ ತಿನ್ನುವುದು.

ಒಂದರಲ್ಲಿ ಗಟ್ಟಿ ಮೊಸರು. ಅದರ ಮೇಲೆ ಎಣ್ಣೆ. ಮಾರಾಯ್ರೆ, ಒಗ್ಗರಣೆ ಅಲ್ಲ, ಬರೀ ಹಸಿ ಎಣ್ಣೆ, ದೀಪಕ್ಕೆ ಹೊಯ್ದ ಹಾಗೆ. ಕೈ ತಪ್ಪಿ ಬಿತ್ತು ಎಂದುಕೊಂಡು ನಾನು ಗಮನಿಸದ ಹಾಗೆ ಕೂತೆ. ನೋಡಿದರೆ ಕಡಲೆ ಅರೆದ ಮುದ್ದೆಯ ಮೇಲೂ ಎಣ್ಣೆ, ಬೇಯಿಸಿ ಜಜ್ಜಿದ ದೊಡ್ಡ ಅವರೆಯ ಮೇಲೂ ಎಣ್ಣೆ. ಆ ಅವರೆಗೆ ಫೂಲ್ ಎನ್ನುತ್ತಾರೆ. ಬೆಳ್ಳಂಬೆಳಿಗ್ಗೆ ಅವರೆ ತಿಂದು ಇವರ ಹೊಟ್ಟೆ ಹೇಗೆ ಸುಮ್ಮನಿರುತ್ತದೆ ಎಂದು ನನಗೆ ಚಿಂತೆ. ಇನ್ನೊಂದು ಭರಣಿಯಲ್ಲಿ ಎಳೆ ಬದನೆಕಾಯಿ, ಹೊಟ್ಟೆ ಸೀಳಿ ಒಳಗೆ ಅಕ್ರೋಟು ತುಂಬಿಸಿ ಎಣ್ಣೆಯಲ್ಲಿ ಮುಳುಗಿಸಿದ್ದು. ನಾವು ಹಾಗೆ ತುಂಬಿಸಿದರೆ ಒಲೆಯ ಮೇಲೆ ಇಡುತ್ತೇವೆ, ಅವರು ಭರಣಿಗೆ ಹಾಕಿ ಮರೆತುಬಿಡುತ್ತಾರೆ. ಕಪ್ಪು ಹಣ್ಣು ಇತ್ತು, ನೇರಳೆ ಎಂದು ಬಾಯಿಗೆ ಹಾಕಿದೆ. ಉಪ್ಪು, ಕಹಿ. ಹಾಳಾಗಿದೆ ಎಂದು ಹೇಳುವುದೋ ಬೇಡವೋ ತಿಳಿಯದೆ ಬೀಜ ಬಾಯಲ್ಲೇ ಇಟ್ಟುಕೊಂಡು ಅರ್ಧ ಗಂಟೆ ನಗಾಡಿದೆ. ಆಲಿವ್ ಹಣ್ಣು ಇರುವುದೇ ಹಾಗಂತೆ.

ಗುರುತು ಸಿಕ್ಕಿದ್ದು ಒಂದೇ, ಫಲಾಫಿಲ್. ಅದು ನಮ್ಮ ಚಟ್ಟಂಬಡೆ, ಕಡಲೆಬೇಳೆಯ ವಡೆ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಇಟ್ಟರೆ ಯಾರೂ ಕೇಳದೆ ಚಾ ಜೊತೆ ತಿಂದು ಹೋಗುತ್ತಾರೆ. ನಾನು ನಾಲ್ಕು ತಿಂದೆ.

ಆದರೆ ದೊಡ್ಡ ಕಷ್ಟ ಬೇರೆ ಇತ್ತು. ಯಾರಿಗೂ ಬಟ್ಟಲು ಇಲ್ಲ. ರೊಟ್ಟಿಯ ಚೂರು ಹರಿದು ಎಲ್ಲರೂ ಅದೇ ಬಟ್ಟಲಿಗೆ ಅದ್ದುವುದು, ಕಚ್ಚುವುದು, ಪುನಃ ಹರಿಯುವುದು, ಪುನಃ ಅದ್ದುವುದು. ನಾವು ಅನ್ನ ಬೆಂದಿದೆಯೋ ಎಂದು ನೋಡುವುದಿದ್ದರೂ ಒಂದು ಅಗುಳು ಬೇರೆ ತೆಗೆದು ನೋಡುತ್ತೇವೆ. ಎಂಜಲು ಎಂಬ ಮಾತು ತಾಯಿಯ ಹಾಲಿನ ಜೊತೆ ಬಂದದ್ದು, ಬಿಡು ಎಂದರೆ ಬಿಡುವುದಿಲ್ಲ. ನಾನು ರೊಟ್ಟಿಯನ್ನು ಅಂಗೈಯಲ್ಲಿ ಹಿಡಿದು ಸುಮ್ಮನೆ ಕೂತೆ. ಉಮ್ಮು ಸಮೀರ್ ನನ್ನ ಮುಖ ನೋಡಿದಳು. ಮಾರನೆಯ ದಿನದಿಂದ ನನ್ನ ಎದುರಿಗೆ ಒಂದು ಬೇರೆ ತಟ್ಟೆ, ಅದರಲ್ಲಿ ಎಲ್ಲದರಿಂದಲೂ ಒಂದೊಂದು ಚಮಚ. ನನಗೆ ನೆಮ್ಮದಿ ಆಯಿತು, ನಾಚಿಕೆಯೂ ಆಯಿತು.

ಮೇಜಿನ ಆಚೆ ಬದಿ ಧನ್ವಿ ಅವಳ ತೇತಾನ ತೊಡೆಗೆ ಒರಗಿ, ತೇತಾ ಹರಿದು ಕೊಟ್ಟ ರೊಟ್ಟಿಯನ್ನು ಎಣ್ಣೆಗೂ ಹುಳಿ ಹುಳಿ ಸೊಪ್ಪಿನ ಪುಡಿಗೂ ಅದ್ದಿ ತಿನ್ನುತ್ತಿದ್ದಳು. ಈಚೆ ಬದಿ ನಾನು, ನನ್ನ ಬೇರೆ ತಟ್ಟೆ. ಹತ್ತು ದಿನ ಹೀಗೆಯೇ ಹೋಯಿತು. ಮಗು ತಿನ್ನುವುದನ್ನು ನೋಡುತ್ತಾ ಕೂರುವುದೂ ಸುಖವೇ. ಆದರೂ ದಿನ ಎಣಿಸುತ್ತಿದ್ದೆ.

ಹಮೀದನ ಅಂಗಡಿ

ಕಟ್ಟಡದ ಕೆಳಗೆ ಒಂದು ಅಂಗಡಿ. ವನಿತಳ ಸೀರೆಗೆ ಫಾಲ್ ಹೊಲಿಯಲಿಕ್ಕೆ ನೂಲು ಬೇಕಿತ್ತು. ನಾನು ಬೆರಳಿನಲ್ಲಿ ಹೊಲಿದು ತೋರಿಸಿದೆ. ಅಂಗಡಿಯವನು ನನ್ನ ಕರಿಮಣಿ, ಸೀರೆ ಎಲ್ಲ ನೋಡಿ ತುಳುವಿನಲ್ಲಿ, ‘ಅಕ್ಕ, ನಿಮ್ಮದು ಊರು ಎಲ್ಲಿ?’ ಎಂದ. ಅಲ್ಲಿಯೇ ಕೂತು ಅಳುವುದೊಂದು ಬಾಕಿ. ಅವನು ಹಮೀದ್, ಬಂಟ್ವಾಳದ ಹತ್ತಿರ ಪಾಣೆಮಂಗಳೂರಿನ ಬ್ಯಾರಿ. ಇಪ್ಪತ್ತೆರಡು ವರ್ಷದಿಂದ ಶಾರ್ಜಾದಲ್ಲಿ ಇದ್ದಾನೆ, ಅರಬ್ಬಿ ನೀರಿನ ಹಾಗೆ ಮಾತಾಡುತ್ತಾನೆ.

ನನ್ನ ಗಲಿಬಿಲಿಗಳನ್ನೆಲ್ಲ ಒಂದೊಂದಾಗಿ ಕೇಳಿದೆ. ಎಣ್ಣೆ ಯಾಕೆ? ‘ಅದು ಆಲಿವ್ ಎಣ್ಣೆ ಅಕ್ಕ. ನಾವು ತುಪ್ಪ ಹಾಕುವುದಿಲ್ವಾ, ಹಾಗೆ.’ ಮೊಸರಿಗೆ ತುಪ್ಪ ಯಾರು ಹಾಕುತ್ತಾರೆ? ಅವನು ನೂಲಿನ ಉಂಡೆ ಹುಡುಕಲಿಕ್ಕೆ ತಿರುಗಿದ. ಹಾಲಿಲ್ಲದ ಚಾಕ್ಕೆ ಸೊಪ್ಪು ಯಾಕೆ ಹಾಕುತ್ತಾರೆ? ಹೊಟ್ಟೆಗೆ ಒಳ್ಳೆಯದಂತೆ. ಅವರೆ ತಿಂದವರಿಗೆ ಅದು ಬೇಕೇ ಬೇಕು ಎಂದು ನಾನು ಒಪ್ಪಿದೆ.

ಆಮೇಲೆ ನಿಜವಾದ ವಿಷಯ ಹೇಳಿದೆ. ಮಗು ನನ್ನ ಹತ್ತಿರ ಬರುವುದಿಲ್ಲ ಎಂದೆ, ನನ್ನ ಬೇರೆ ತಟ್ಟೆಯ ವಿಷಯವನ್ನೂ ಹೇಳಿದೆ. ಹಮೀದ್ ಅಕ್ಕಿ ಚೀಲಕ್ಕೆ ಒರಗಿದ.

‘ನೀವು ಬೇರೆ ತಟ್ಟೆಯಲ್ಲಿ ತಿಂದರೆ ಆ ಅಜ್ಜಿಗೆ ಬೇಜಾರ ಇಲ್ಲ ಅಕ್ಕ. ಆದರೆ ಹಾಗೆ ಕೂತರೆ ನೀವು ನೆಂಟರಾಗಿಯೇ ಉಳೀತೀರಿ. ನೆಂಟರ ತೊಡೆಯ ಮೇಲೆ ಮಕ್ಕಳು ಕೂತುಕೊಳ್ತವಾ? ನಮ್ಮ ಊರಲ್ಲಿ ಮದುವೆಗೆ ಬಂದವರು ತೆಂಗಿನಕಾಯಿ ತುರಿಯಲಿಕ್ಕೆ ಕೂತರೆ ಮಾತ್ರ ಅವರು ಮನೆಯವರು. ನೀವು ಅಲ್ಲಿ ಏನಾದರೂ ಕೆಲಸಕ್ಕೆ ಕೂತುಕೊಳ್ಳಿ.’

ನೂಲಿನ ಉಂಡೆಯನ್ನು ತಗಡಿನ ಜೊತೆ ಚೀಲಕ್ಕೆ ಹಾಕಿಕೊಂಡು ಮೇಲೆ ಬಂದೆ. ಕೆಲಸ ಮಾಡಲಿಕ್ಕೆ ನನಗೆ ಯಾರೂ ಕಲಿಸಬೇಕಾಗಿಲ್ಲ. ಸುಮ್ಮನೆ ಕೂರುವುದೇ ನನಗೆ ಬಾರದ್ದು.

ಗುರುವಾರ

ಶುಕ್ರವಾರ ಬೆಳಿಗ್ಗೆ ಉಮ್ಮು ಸಮೀರಳ ಮನೆಯಲ್ಲಿ ದೊಡ್ಡ ತಿಂಡಿ. ದುಬೈಯಿಂದ ಮಗ ಸಮೀರ್, ಸೊಸೆ, ಅವರ ಮಕ್ಕಳು ಬರುತ್ತಾರೆ. ಆ ಶುಕ್ರವಾರ ವನಿತಾ, ಪ್ರವೀಣನಿಗೂ ರಜೆ, ನಮಗೂ ಅಲ್ಲಿಯೇ ತಿಂಡಿ. ಹಿಂದಿನ ದಿನ ಉಮ್ಮು ಸಮೀರ್ ಒಂದು ಭರಣಿ ತೆಗೆದಳು. ಒಳಗೆ ಉಪ್ಪುನೀರಿನಲ್ಲಿ ಹಾಕಿಟ್ಟ ದ್ರಾಕ್ಷಿ ಬಳ್ಳಿಯ ಎಲೆ, ಒಂದರ ಮೇಲೊಂದು. ಅದನ್ನು ತೊಳೆದು, ಒಳಗೆ ಅಕ್ಕಿ, ಟೊಮೆಟೊ, ಸೊಪ್ಪು ಕಲಸಿದ್ದನ್ನಿಟ್ಟು ಸುರುಳಿ ಸುತ್ತಿ, ಪಾತ್ರೆಯಲ್ಲಿ ಜೋಡಿಸಿ, ಲಿಂಬೆರಸ ಹೊಯ್ದು ಬೇಯಿಸಿ ಇಟ್ಟರೆ ಮಾರನೆಯ ಬೆಳಿಗ್ಗೆ ತಣ್ಣಗೆ ತಿನ್ನುವುದು.

ನಾನು ಸೆರಗು ಸಿಕ್ಕಿಸಿ ಎದುರು ಕೂತೆ. ಅವಳಿಗೆ ಖುಷಿಯಾಯಿತು. ಒಂದು ಸುತ್ತಿ ತೋರಿಸಿದಳು. ಅಷ್ಟರಲ್ಲಿ ಅವಳಿಗೆ ನಮಾಜಿನ ಹೊತ್ತಾಯಿತು, ಒಳಗೆ ಹೋದಳು. ಅದು ಮುಗಿದ ಮೇಲೆ ಊರಿನಿಂದ ಅವಳ ತಂಗಿಯ ಫೋನ್ ಬಂತು. ಅಕ್ಕ ತಂಗಿಯರ ಫೋನ್ ಎಂದರೆ ಯಾವ ದೇಶದಲ್ಲಿಯೂ ಒಂದು ಗಂಟೆ.

ನನ್ನ ಮುಂದೆ ಒದ್ದೆ ಎಲೆಯ ರಾಶಿ, ಹೊಗೆಸೊಪ್ಪಿನ ಪುಡಿಯ ಹಾಗೆ ಕಲಸಿಟ್ಟ ಅಕ್ಕಿ, ಅಡುಗೆಮನೆಯ ಕತ್ತರಿ. ಎಲೆ ಎಂದರೆ ಕೆಸುವಿನ ಎಲೆ ಸುತ್ತಿ ಮಾಡುವ ಪತ್ರೊಡೆ ನೆನಪಾಗಬೇಕಿತ್ತು. ಆಗಲಿಲ್ಲ. ಕೈಗೆ ಅದರದ್ದೇ ಬುದ್ಧಿ ಇರುತ್ತದೆ. ನಾನು ಚೀಲದಿಂದ ತಗಡು ತೆಗೆದೆ. ದ್ರಾಕ್ಷಿ ಎಲೆ ಅಂಗೈಯಷ್ಟು ಅಗಲ, ಸುತ್ತ ಹಲ್ಲು ಹಲ್ಲು, ನೋಡಲಿಕ್ಕೆ ಒಂದರ ಹಾಗೆ ಒಂದಿಲ್ಲ. ಇಷ್ಟು ಅಡ್ಡಾದಿಡ್ಡಿ ಎಲೆಯನ್ನು ಹೇಗೆ ಸುತ್ತುತ್ತಾರೆ ಪಾಪ, ಇವರಿಗೆ ತಗಡು ಗೊತ್ತಿಲ್ಲ ಎಂದುಕೊಂಡೆ. ತಗಡು ಇಟ್ಟೆ, ಕತ್ತರಿಸಿದೆ. ಇಟ್ಟೆ, ಕತ್ತರಿಸಿದೆ. ಹತ್ತು ದಿನದಿಂದ ಖಾಲಿ ಇದ್ದ ಕೈ, ಓಡಿತು ನೋಡಿ. ಅಕ್ಕಿ ಹಾಕಿ, ಬಿಗಿಯಾಗಿ ಸುತ್ತಿ, ಎರಡು ತುದಿಯನ್ನು ಉಗುರಿನಿಂದ ಒಳಗೆ ಒತ್ತಿ, ಹಮೀದನ ನೂಲಿನಿಂದ ಸೊಂಟಕ್ಕೆ ಮೂರು ಸುತ್ತು. ಒಂದೇ ಉದ್ದ, ಒಂದೇ ದಪ್ಪ. ಧನ್ವಿ ಬಾಗಿಲ ಬಳಿ ನಿಂತು ಬಾಯಿ ಬಿಟ್ಟು ನೋಡುತ್ತಿದ್ದಳು. ಅವಳು ಅಷ್ಟು ಹೊತ್ತು ನನ್ನನ್ನು ನೋಡಿದ್ದು ಅದೇ ಮೊದಲು. ನನಗೆ ಇನ್ನೂ ಉಮೇದು ಬಂತು. ಉಮ್ಮು ಸಮೀರ್ ಬರುವ ಹೊತ್ತಿಗೆ ಇಡೀ ಭರಣಿ ಮುಗಿಸಿ, ತಟ್ಟೆಯಲ್ಲಿ ಸಾಲು ಸಾಲು ಜೋಡಿಸಿ ಕೂತಿದ್ದೆ.

ಅವಳು ಬಾಗಿಲಲ್ಲಿಯೇ ನಿಂತಳು.

ಆಮೇಲೆ ಬಂದು ಒಂದನ್ನು ಎತ್ತಿದಳು, ತಿರುಗಿಸಿದಳು, ಎರಡು ಬೆರಳ ನಡುವೆ ಒತ್ತಿ ನೋಡಿದಳು. ನಾವು ಕಟ್ಟಿದ ಬೀಡಿ ಕೊಡುವ ಬ್ರಾಂಚಿನಲ್ಲಿ ಚೆಕ್ ಮಾಡುವವರು ಹೀಗೆಯೇ ಒತ್ತುವುದು. ಸರಿ ಇಲ್ಲದಿದ್ದರೆ ಮುರಿದು ಬುಟ್ಟಿಗೆ ಹಾಕುತ್ತಾರೆ. ನಾನು ಬ್ರಾಂಚಿನಲ್ಲಿ ನಿಂತ ಹಾಗೆ ಸೆರಗು ಸರಿಮಾಡಿಕೊಂಡೆ. ಅವಳ ಕಣ್ಣು ನನ್ನ ಪಕ್ಕದ ರಾಶಿಯ ಮೇಲೆ ಬಿತ್ತು. ಕತ್ತರಿಸಿ ಎಸೆದ ಅಂಚುಗಳು. ಅರ್ಧಕ್ಕರ್ಧ ಎಲೆ ಅಲ್ಲಿ ಇತ್ತು. ಅವಳು ಕೂತುಬಿಟ್ಟಳು. ಒಂದು ಅಂಚನ್ನು ಎತ್ತಿ ಮಗುವಿಗೆ ಅರಬ್ಬಿಯಲ್ಲಿ ಏನೋ ಮೆಲ್ಲನೆ ಹೇಳಿದಳು.

ಧನ್ವಿ ನನ್ನ ಕಡೆ ತಿರುಗಿದಳು. ‘ಅಜ್ಜಿ, ಈ ಎಲೆ ತೇತಾನ ತಂಗಿ ಮನೆಯದ್ದು. ಅಂಗಡಿಯಲ್ಲಿ ಸಿಗುವುದಿಲ್ಲ. ಒಂದು ವರ್ಷಕ್ಕೆ ಒಂದೇ ಸಲ ಬರುವುದು’ ಎಂದಳು.

ಅದು ತುಳುವಿನಲ್ಲಿ ಹೇಳಿದ್ದು. ನಾನು ಬಂದ ಮೇಲೆ ಮಗು ನನಗೆ ತುಳುವಿನಲ್ಲಿ ಹೇಳಿದ ಮೊದಲ ಮಾತು. ಅದನ್ನು ಕೇಳಿ ಸಂತೋಷ ಪಡುವುದೋ ಭೂಮಿಗೆ ಇಳಿಯುವುದೋ ನನಗೆ ಗೊತ್ತಾಗಲಿಲ್ಲ. ಎರಡು ಕೈ ಜೋಡಿಸಿದೆ. ಎಲೆಯ ತುದಿ ಅಗಲ ಇರುವುದೇ ಬದಿ ಮಡಚಲಿಕ್ಕೆ, ಮಡಚದಿದ್ದರೆ ಅಕ್ಕಿ ಹೊರಗೆ ಬರುತ್ತದೆ, ಬಿಗಿಯಾದರೆ ಅರಳಲು ಜಾಗ ಇಲ್ಲ ಎಂದು ಉಮ್ಮು ಸಮೀರ್ ಕೈಯಲ್ಲಿಯೇ ತೋರಿಸಿದಳು. ಎಲ್ಲ ಅರ್ಥವಾಯಿತು. ಇಷ್ಟು ದಿನದಲ್ಲಿ ಅಲ್ಲಿ ನನಗೆ ಪೂರ್ತಿ ಅರ್ಥವಾದದ್ದು ನನ್ನ ತಪ್ಪು ಮಾತ್ರ.

ಅವಳು ಬೈಯಲಿಲ್ಲ. ಎಸೆದ ಅಂಚುಗಳನ್ನು ಒಂದೊಂದಾಗಿ ಹೆಕ್ಕಿ, ನೀವಿ, ಪಾತ್ರೆಯ ತಳಕ್ಕೆ ಹಾಸಿದಳು. ಅಡಿ ಹಿಡಿಯದ ಹಾಗೆ ಎಲೆ ಹಾಸುವುದು ಅವರ ಕ್ರಮವಂತೆ. ಆದರೆ ಅಷ್ಟು ದಪ್ಪದ ಹಾಸಿಗೆ ಆ ಪಾತ್ರೆಗೆ ಎಂದೂ ಸಿಕ್ಕಿರಲಿಕ್ಕಿಲ್ಲ. ಅದರ ಮೇಲೆ ನನ್ನ ಬೀಡಿಗಳನ್ನು ಜೋಡಿಸಿ, ಮೇಲೆ ತಟ್ಟೆ ಮಗುಚಿ ಒತ್ತಿ, ಒಲೆಗೆ ಇಟ್ಟಳು. ನೂಲು ಬಿಚ್ಚಬೇಕು ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಶುಕ್ರವಾರ

ಪ್ರವೀಣ ನನ್ನ ಮುಖ ನೋಡಿ, ‘ಅತ್ತೆ, ಎಲೆ ಹೋದರೆ ಹೋಯಿತು, ಅವರು ಒಳ್ಳೆಯವರು’ ಎಂದ. ವನಿತಾ ಮಾತ್ರ, ‘ಆ ತಗಡನ್ನು ಯಾಕಮ್ಮ ತಂದದ್ದು?’ ಎಂದು ಹತ್ತು ಸಲ ಕೇಳಿದಳು. ನಾನು ಬರುವುದಿಲ್ಲ ಎಂದೆ. ಅವಳು ಬಿಡಲಿಲ್ಲ.

ಮೇಜಿನ ಸುತ್ತ ಜನ ತುಂಬಿದ್ದರು. ಸಮೀರ್ ಆರಡಿ ಎತ್ತರ, ಗಡ್ಡ. ಉಮ್ಮು ಸಮೀರ್ ಪಾತ್ರೆ ತಂದು, ದೊಡ್ಡ ಹರಿವಾಣ ಮುಚ್ಚಿ, ಒಂದೇ ಏಟಿಗೆ ಮಗುಚಿದಳು. ಪಾತ್ರೆ ಎತ್ತುವಾಗ ನಾನು ಕಣ್ಣು ಮುಚ್ಚಿದ್ದೆ.

ಕಣ್ಣು ತೆಗೆದು ನೋಡಿದರೆ, ಹಾಸಿದ ಅಂಚುಗಳನ್ನು ಅವಳು ಬದಿಗೆ ಸರಿಸಿ ಆಗಿತ್ತು, ಎಲ್ಲ ಸುರುಳಿಯ ಎರಡು ತುದಿಯಿಂದಲೂ ಅನ್ನ ಉಕ್ಕಿ ಹೊರಗೆ ಬಂದಿತ್ತು. ನಡುವೆ ನೂಲು ಮಾತ್ರ ಬಿಗಿಯಾಗಿ ನಿಂತಿತ್ತು. ನಮ್ಮಲ್ಲಿ ಸಣ್ಣ ಮಕ್ಕಳಿಗೆ ಸೊಂಟಕ್ಕೆ ಉಡಿದಾರ ಕಟ್ಟುತ್ತಾರಲ್ಲ, ಹೊಟ್ಟೆ ಬಿರಿಯ ತಿಂದ ಅಂಥ ಮಕ್ಕಳು ನೂರು ಜನ ಹರಿವಾಣದಲ್ಲಿ ಮಲಗಿದ ಹಾಗೆ ಇತ್ತು. ಸಮೀರ್ ಮರ್ಯಾದೆಗೆ ಒಂದನ್ನು ಬಾಯಿಗೆ ಹಾಕಿದ, ಅಗಿದ, ನಿಲ್ಲಿಸಿದ, ಆಮೇಲೆ ಹಲ್ಲಿನ ನಡುವಿನಿಂದ ಮೊಳ ಉದ್ದದ ನೂಲು ಎಳೆದ. ಎಳೆದಷ್ಟೂ ಬರುತ್ತಿತ್ತು. ಮೊದಲು ನಕ್ಕವಳು ಉಮ್ಮು ಸಮೀರ್. ಅವಳು ನಕ್ಕರೆ ಮೇಜೂ ನಗುತ್ತದೆ, ಅಷ್ಟು ದೊಡ್ಡ ಮೈ. ಎಲ್ಲರೂ ನಕ್ಕರು. ನಾನೂ ನಗಬೇಕೆಂದು ಮುಖ ಅಗಲ ಮಾಡಿದೆ, ಕಣ್ಣಲ್ಲಿ ನೀರು ಬಂತು.

ಆಗ ಧನ್ವಿ ಒಂದು ಸುರುಳಿ ಎತ್ತಿಕೊಂಡು ನೂಲು ಬಿಚ್ಚಲು ನೋಡಿದಳು. ಬರಲಿಲ್ಲ. ತೇತಾನಿಗೆ ಕೊಟ್ಟಳು. ತೇತಾನ ದಪ್ಪ ಬೆರಳಿಗೂ ಬರಲಿಲ್ಲ. ಬೀಡಿಯ ಸುತ್ತು ಅದು, ಗಂಟಲ್ಲ. ಯಾವ ತುದಿ ಎಳೆಯಬೇಕು ಎಂದು ಗೊತ್ತಿದ್ದರೆ ಒಂದೇ ಎಳೆತ, ಗೊತ್ತಿಲ್ಲದಿದ್ದರೆ ಇನ್ನೂ ಬಿಗಿ. ಮಗು ಮೇಜನ್ನು ಸುತ್ತಿ ಬಂತು. ನನ್ನ ಮುಂದೆ ನಿಂತು ಸುರುಳಿ ಚಾಚಿತು.

‘ಅಜ್ಜಿ, ಬಿಚ್ಚು.’

ಎಳೆದೆ. ನೂಲು ಗಾಳಿಯಲ್ಲಿ ಬಿಚ್ಚಿಕೊಂಡಿತು. ಅವಳಿಗೆ ಅದು ಜಾದು ಕಂಡ ಹಾಗಾಯಿತು. ಬಾಯಿ ತೆರೆದಳು. ನಾನು ಆ ಅನ್ನ ಉಕ್ಕಿದ, ಅಳತೆ ತಪ್ಪಿದ, ಹುಳಿ ಹುಳಿ ಎಲೆಯನ್ನು ಅವಳ ಬಾಯಿಗೆ ಇಟ್ಟೆ.

‘ಇನ್ನೊಂದು’ ಎಂದಳು.

ನಾಲ್ಕು ತಿಂದಳು. ಐದನೆಯದಕ್ಕೆ ಹೊಟ್ಟೆ ತುಂಬಿತು. ಅರ್ಧ ಕಚ್ಚಿ, ಉಳಿದ ಅರ್ಧವನ್ನು ನನ್ನ ಬಾಯಿಗೆ ತುರುಕಿದಳು. ನಾನು ತಿಂದೆ. ನುಂಗಿದ ಮೇಲೆ, ಎಲ್ಲಿ ಹೋಯಿತು ನನ್ನ ಎಂಜಲಿನ ವಿಚಾರ ಎಂದು ನೆನಪಾಯಿತು. ನೆನಪಾಗುವಾಗ ಅವಳು ನನ್ನ ತೊಡೆಯ ಮೇಲೆ ಕೂತಿದ್ದಳು, ಎದ್ದು ಯೋಚಿಸುವ ಹಾಗೆಯೂ ಇರಲಿಲ್ಲ.

ಉಮ್ಮು ಸಮೀರ್ ಆಚೆಯಿಂದ ನೋಡುತ್ತಿದ್ದಳು. ಎರಡು ವರ್ಷ ಆ ಮಗು ಒರಗಿದ್ದು ಅವಳ ತೊಡೆಗೆ. ಅವಳ ಮುಖ ಒಂದು ಗಳಿಗೆ ಹೇಗೋ ಆಯಿತು. ಅದೂ ನನಗೆ ಅರ್ಥವಾಯಿತು. ಆಮೇಲೆ ಅವಳು ಎದ್ದು ನನ್ನ ಬೇರೆ ತಟ್ಟೆಯನ್ನು ಎತ್ತಿ ಒಳಗೆ ಇಟ್ಟು ಬಂದಳು. ಮೊಸರಿನ ಬಟ್ಟಲನ್ನು ನನ್ನ ಕಡೆ ದೂಡಿದಳು. ನಾನು ರೊಟ್ಟಿ ಹರಿದು, ಎಲ್ಲರೂ ಅದ್ದಿದಲ್ಲಿಯೇ ಅದ್ದಿದೆ.

ಉಳಿದ ದಿನಗಳಲ್ಲಿ ನೀರುದೋಸೆ ಆಚೆ ಮನೆಗೆ ಹೋಯಿತು, ರೊಟ್ಟಿ ಈಚೆ ಮನೆಗೆ ಬಂತು. ಉಮ್ಮು ಸಮೀರ್ ನನ್ನ ದೋಸೆಗೂ ಎಣ್ಣೆ ಹೊಯ್ದುಕೊಂಡು ತಿಂದಳು. ನಾನು ಆಕ್ಷೇಪ ಮಾಡಲಿಲ್ಲ.

ಶಿರ್ತಾಡಿ

ಊರಿಗೆ ಬಂದ ಮರುದಿನ ಮೊಸರಿಗೆ ಒಂದು ಚಮಚ ತೆಂಗಿನೆಣ್ಣೆ ಹಾಕಿ ತಿಂದು ನೋಡಿದೆ. ಯಜಮಾನರು, ‘ಎಂತ ಮಾರಾಯ್ತಿ, ತಲೆಗೆ ಹಾಕುವುದನ್ನು ಬಾಯಿಗೆ ಹಾಕಿದ್ದಾ?’ ಎಂದರು. ಚೆನ್ನಾಗಿರಲಿಲ್ಲ. ಅವರಿಗೆ ಹೇಳಲಿಲ್ಲ, ಪೂರ್ತಿ ತಿಂದೆ.

ತಗಡನ್ನು ಅಲ್ಲಿಯೇ ಬಿಟ್ಟು ಬಂದೆ. ಧನ್ವಿ ಕೊಡಲಿಲ್ಲ. ಈಗ ಹೊಸ ಕತ್ತರಿ, ಹೊಸ ತಗಡು.

ಮೊದಲ ವಾರ ವನಿತಾ ಫೋನಿನಲ್ಲಿ ಒಂದು ದೂರು ಹೇಳಿದಳು. ತೇತಾ ಏನು ಸುತ್ತಿ ಕೊಟ್ಟರೂ, ರೊಟ್ಟಿಯಾದರೂ ಎಲೆಯಾದರೂ, ನೂಲು ಕಟ್ಟದಿದ್ದರೆ ಧನ್ವಿ ತಿನ್ನುವುದಿಲ್ಲವಂತೆ. ಉಮ್ಮು ಸಮೀರ್ ಹಮೀದನ ಅಂಗಡಿಯಿಂದ ನೂಲು ತರಿಸಿ ಕಟ್ಟಿದಳಂತೆ. ಗಂಟು ಹಾಕಿ ಕಟ್ಟಿದಳು. ಮಗು ಎಳೆದು ನೋಡಿ, ಇದು ಬಿಚ್ಚುವುದಿಲ್ಲ ಎಂದು ವಾಪಸು ಕೊಟ್ಟಿತಂತೆ.

ಆದ್ದರಿಂದ ಈಗ ಅಲ್ಲಿ ತಿಂಡಿಯ ಹೊತ್ತಿಗೆ, ಅಂದರೆ ನಮಗೆ ಗಂಜಿ ಮುಗಿದ ಹೊತ್ತಿಗೆ, ಫೋನ್ ಬರುತ್ತದೆ. ನಾನು ಜಗಲಿಯಲ್ಲಿ ತಡ್ಪೆ ಇಟ್ಟುಕೊಂಡು ಕೂತಿರುತ್ತೇನೆ. ಆಚೆ ಉಮ್ಮು ಸಮೀರ್ ಕನ್ನಡಕ ಹಾಕಿಕೊಂಡು ರೊಟ್ಟಿಯ ಸುರುಳಿ ಹಿಡಿದು ಕೂತಿರುತ್ತಾಳೆ. ನಾನು ಖಾಲಿ ಎಲೆಗೆ ಮೆಲ್ಲ ಸುತ್ತಿ ತೋರಿಸುತ್ತೇನೆ, ಒಂದು, ಎರಡು, ಮೂರು, ಇಲ್ಲಿ ತುದಿ. ಅವಳು ಸುತ್ತುತ್ತಾಳೆ. ಮಾತು ಇಬ್ಬರಿಗೂ ಗೊತ್ತಿಲ್ಲ, ಬೈಗುಳದ ಸ್ವರ ಮಾತ್ರ ಗೊತ್ತಾಗುತ್ತದೆ. ನಡುವೆ ಧನ್ವಿ ಕೂತು ಒಂದೊಂದನ್ನೇ ಎತ್ತಿ, ಎರಡು ಬೆರಳಲ್ಲಿ ಒತ್ತಿ, ನೂಲು ಎಳೆದು ಚೆಕ್ ಮಾಡುತ್ತಾಳೆ. ಬಿಚ್ಚಿದರೆ ತಿನ್ನುತ್ತಾಳೆ. ಬಿಚ್ಚದಿದ್ದರೆ ‘ನೋ ಥ್ಯಾಂಕ್ಯೂ ತೇತಾ’ ಎಂದು ಮರ್ಯಾದೆಯಿಂದ ಬದಿಗೆ ಇಡುತ್ತಾಳೆ.

ಮೊನ್ನೆ ಐದರಲ್ಲಿ ಮೂರು ಪಾಸಾಯಿತು.